ಹಾಸ್ಟೆಲ್‌ನ ‘ಪರಿಚಯ ರಾತ್ರಿ’ ಈ ವರ್ಷ ನನ್ನ ಪಾಲಿಗೆ ಬಂದಿದೆ, ಹೇಗೆ ಮಾಡಲಿ?

ಸಪ್ತಾಪುರದ ಫೈನಲ್ ಇಯರ್:

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಬಿಎಸ್ಸಿ ಕೊನೆಯ ವರ್ಷದಲ್ಲಿದ್ದೇನೆ. ಊರು ರೋಣದ ಹತ್ತಿರ ಒಂದು ಹಳ್ಳಿ. ನಮ್ಮ ಹಾಸ್ಟೆಲ್‌ನಲ್ಲಿ 42 ಹುಡುಗಿಯರಿದ್ದೇವೆ.

ಹೊಸಬರು ಬಂದ ಮೇಲೆ ಎರಡನೇ ಶನಿವಾರ ಟೆರೇಸ್‌ನಲ್ಲಿ ‘ಪರಿಚಯ ರಾತ್ರಿ’ ಇರುತ್ತದೆ. ವಾರ್ಡನ್ ಮೇಡಂ ಮಲಗಿದ ಮೇಲೆ ಶುರು. ನನ್ನ ಮೊದಲ ವರ್ಷ ನಾನು ಮಾತಾಡುವ ರೀತಿಯನ್ನು ಹಿಡಿದುಕೊಂಡು ಒಂದೇ ಮಾತನ್ನು ಹತ್ತು ಸಲ ಹೇಳಿಸಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ರೂಮಿಗೆ ಬಂದು ಕಾಲೇಜು ಬಿಟ್ಟು ಊರಿಗೆ ಹೋಗೋಣ ಅಂತ ಬ್ಯಾಗ್ ತುಂಬಿದ್ದೆ. ಆಮೇಲೆ ಒಂದು ತಿಂಗಳು ಒಬ್ಬ ಅಕ್ಕನ ಬಾಟನಿ ಜರ್ನಲ್‌ಗೆ ನಾನೇ ಚಿತ್ರ ಬರೆದೆ. ಬೆಳಗ್ಗೆ ಐದಕ್ಕೆ ಎದ್ದು ಕೆಳಗಿನ ಸೋಲಾರ್ ನಳದಿಂದ ಅವರಿಗೆ ಬಿಸಿನೀರು ಹೊತ್ತು ತಂದೆ.

ಆದರೆ ಇದನ್ನೂ ಹೇಳಬೇಕು. ನನಗೆ ಜ್ವರ ಬಂದಾಗ ಮೂರು ರಾತ್ರಿ ಪಕ್ಕದಲ್ಲಿ ಕುಳಿತವರು ಅದೇ ಅಕ್ಕ. ಖಾನಾವಳಿಯವರಿಗೆ ಹೇಳಿ ಗಂಜಿ ಮಾಡಿಸಿ ತಂದು ಕುಡಿಸಿದರು. ಅವರ ಮದುವೆಗೆ ಹಾವೇರಿಗೆ ಹೋಗಿ ಬಂದೆ. ಇವತ್ತಿಗೂ ಫೋನ್ ಮಾಡುತ್ತಾರೆ.

ಹಂಗಾಗಿ ನನ್ನ ತಲೆ ಕೆಟ್ಟಿದೆ. ಗೆಳತಿಯರು ಹೇಳುವುದು, ನಾವು ಅನುಭವಿಸಿದ್ದೇವೆ, ಇವರೂ ಅನುಭವಿಸಲಿ, ಇಲ್ಲಾಂದ್ರೆ ಒಗ್ಗಟ್ಟು ಎಲ್ಲಿಂದ ಬರುತ್ತೆ ಅಂತ. ಈ ಕಡೆ ಶಿಗ್ಗಾವಿಯಿಂದ ಬಂದ ಒಂದು ಹುಡುಗಿ ಯಾರಿಂದಲೋ ಇದನ್ನು ಕೇಳಿ, ನಾಲ್ಕು ದಿನದಿಂದ ನಮ್ಮ ಜೊತೆ ಊಟಕ್ಕೆ ಬರುತ್ತಿಲ್ಲ. ಎಲ್ಲರೂ ಉಂಡು ಎದ್ದ ಮೇಲೆ ಬರುತ್ತಾಳೆ. ಅವಳನ್ನು ನೋಡಿದಾಗ ನನ್ನ ಬ್ಯಾಗ್ ನೆನಪಾಗುತ್ತದೆ. ಆ ರಾತ್ರಿ ನಿಲ್ಲಿಸಿದರೆ ಅಕ್ಕ-ತಂಗಿ ಅನ್ನೋ ಬಳಕೆಯೂ ಹೋಗಿಬಿಡುತ್ತಾ? ಹಾಸ್ಟೆಲ್‌ನಲ್ಲಿ ಇದ್ದು ಬಂದವರು ಹೇಳಿ.

ಹುಬ್ಬಳ್ಳಿಯವಳು, ಈಗ ಅಮೆರಿಕದಲ್ಲಿ:

ತಂಗಿ, ನಾನು ಇಲ್ಲಿ ಡಿಗ್ರಿ ಓದುವಾಗ ಸೊರೊರಿಟಿಯಲ್ಲಿದ್ದೆ. ಹುಡುಗಿಯರ ಸಂಘಕ್ಕೆ ಸೊರೊರಿಟಿ ಅನ್ನುತ್ತಾರೆ, ಹುಡುಗರದ್ದಕ್ಕೆ ಫ್ರಟರ್ನಿಟಿ. ಗ್ರೀಕ್ ಅಕ್ಷರಗಳ ಹೆಸರಿಡುವ ರೂಢಿ 1776ರಲ್ಲಿ ವಿಲಿಯಂ ಅಂಡ್ ಮೇರಿ ಕಾಲೇಜಿನ ಫೈ ಬೀಟಾ ಕಪ್ಪಾ ಅನ್ನೋ ವಿದ್ಯಾರ್ಥಿ ಸಂಘದಿಂದ ಬಂದದ್ದು. ಹೊಸದಾಗಿ ಸೇರಿದವಳಿಗೆ ಒಬ್ಬ ‘ಬಿಗ್’, ಅಂದರೆ ದೊಡ್ಡಕ್ಕ ಇರುತ್ತಾಳೆ. ಬ್ಯಾಂಕ್ ಖಾತೆ ತೆರೆಸಿದ್ದು, ಮೊದಲ ಚಳಿಗಾಲಕ್ಕೆ ಕೋಟ್ ಕೊಡಿಸಿದ್ದು ನನ್ನ ದೊಡ್ಡಕ್ಕ. ಒಂದು ದಿನವೂ ನನ್ನನ್ನು ಅಳಿಸಲಿಲ್ಲ. ನಮ್ಮಿಬ್ಬರ ನಂಟು ಇನ್ನೂ ಗಟ್ಟಿ ಇದೆ.

ನೀನು ಬರೆದದ್ದರಲ್ಲಿ ‘ವಾರ್ಡನ್ ಮೇಡಂ ಮಲಗಿದ ಮೇಲೆ’ ಅನ್ನೋದು ನನಗೆ ಹೆದರಿಕೆ ತಂದಿತು. ಇಲ್ಲಿ ಹೊಸಬರನ್ನು ಕಾಡುವುದಕ್ಕೆ ಹೇಜಿಂಗ್ ಅನ್ನುತ್ತಾರೆ. 2017ರ ಫೆಬ್ರವರಿಯಲ್ಲಿ ಪೆನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ತಿಮೋತಿ ಪಿಯಾಝಾ ಅನ್ನೋ 19ರ ಹುಡುಗ ಫ್ರಟರ್ನಿಟಿಗೆ ಸೇರಿದ ರಾತ್ರಿಯೇ ವಿಪರೀತ ಕುಡಿಸಿದರು. ಮೆಟ್ಟಿಲಿಂದ ಬಿದ್ದ. ಸುತ್ತ ಅಷ್ಟು ಜನ ಇದ್ದರೂ ಬೆಳಗಾಗುವವರೆಗೆ ಯಾರೂ ಆಂಬುಲೆನ್ಸ್ ಕರೆಯಲಿಲ್ಲ. ಹುಡುಗ ಉಳಿಯಲಿಲ್ಲ. ಮರುವರ್ಷ ಪೆನ್ಸಿಲ್ವೇನಿಯಾದಲ್ಲಿ ಅವನ ಹೆಸರಿನಲ್ಲೇ ಕಾನೂನು ಬಂತು. 2024ರ ಡಿಸೆಂಬರಿನಲ್ಲಿ ಇಡೀ ದೇಶಕ್ಕೂ ಒಂದು ಬಂತು.

ನಿಮ್ಮ ಟೆರೇಸ್‌ನಲ್ಲಿ ಕುಡಿತ ಇಲ್ಲ, ಗೊತ್ತು. ಆದರೆ ಕದ್ದು ಮಾಡುವ ಕೆಲಸದಲ್ಲಿ ಯಾರಿಗಾದರೂ ಏನಾದರೂ ಆದರೆ ದೊಡ್ಡವರನ್ನು ಕರೆಯಲು ಕೈ ಹಿಂಜರಿಯುತ್ತದೆ. ನಮ್ಮ ಪಾರ್ಟಿಗಳಲ್ಲಿ ಇಬ್ಬರು ಕುಡಿಯದೆ ಇರಬೇಕಿತ್ತು. ಎಲ್ಲರೂ ಮನೆ ಮುಟ್ಟುವವರೆಗೆ ಅವರು ಮಲಗುವಂತಿರಲಿಲ್ಲ. ನಾನು ಆ ಪಾಳಿ ಎಷ್ಟೋ ಸಲ ಮಾಡಿದ್ದೇನೆ. ನೀನು ವಾರ್ಡನ್ ಮೇಡಂ ಅವರನ್ನೇ ಮೊದಲು ಕರೆ.

ನವಲಗುಂದದ ಮೇಷ್ಟ್ರು:

ತಂಗೀ, ನಾನು ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವನು. ಫೀ ಕಟ್ಟುವ ಶಕ್ತಿ ನಮ್ಮ ಮನೆಯಲ್ಲಿ ಇರಲಿಲ್ಲ. ಮೊದಲ ದಿನ ಪಂಕ್ತಿಯಲ್ಲಿ ಮುದುಡಿ ಕುಳಿತಿದ್ದೆ. ಬಡಿಸಲು ಬಂದವನು ನನಗಿಂತ ನಾಲ್ಕು ವರ್ಷ ದೊಡ್ಡವನು. ಸಾರು ಹಾಕುತ್ತಾ ‘ಯಾವೂರಪ್ಪಾ ತಮ್ಮಾ’ ಅಂದ. ಅಷ್ಟೇ ಮಾತು. ಐವತ್ತು ವರ್ಷ ಆಯಿತು, ಅವನ ಮುಖ ಇನ್ನೂ ಕಣ್ಣ ಮುಂದಿದೆ. ನಿಮ್ಮಲ್ಲಿ ಆ ದಿನ ಫೈನಲ್ ಇಯರ್‌ನವರೇ ಬಡಿಸಿರಿ.

ಧಾರವಾಡದ ವಕೀಲೆ:

ಎರಡೇ ಮಾತು. ಹೊಸಬರ ಕೈಯಲ್ಲಿ ನಿಮ್ಮ ಜರ್ನಲ್ ಬರೆಸುವುದು ಯುಜಿಸಿಯ 2009ರ ನಿಯಮದಲ್ಲಿ ರ‍್ಯಾಗಿಂಗ್ ಅಂತಲೇ ಇದೆ. ಹೊಡೆದರೆ ಮಾತ್ರ ರ‍್ಯಾಗಿಂಗ್ ಅಂತ ಬಹಳ ಹುಡುಗರು ತಿಳಿದಿದ್ದಾರೆ, ಅದು ತಪ್ಪು. ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲೂ ಇದಕ್ಕೆ ಶಿಕ್ಷೆ ಇದೆ. ಸಹಾಯವಾಣಿ 1800-180-5522ಕ್ಕೆ ಹಗಲು ರಾತ್ರಿ ಫೋನ್ ಮಾಡಬಹುದು. ಆ ನಂಬರನ್ನು ಊಟದ ಹಾಲ್‌ನ ಗೋಡೆಗೆ ನೀನೇ ಅಂಟಿಸಮ್ಮ. ಸೀನಿಯರ್ ಕೈಯಿಂದಲೇ ಅಂಟಿದರೆ ಹೊಸಬರಿಗೆ ಧೈರ್ಯ ಬರುತ್ತದೆ.

ಓಣಿಯ ಹಿರಿಯ:

ನಮ್ಮ ಮನೆಯ ಎಡಕ್ಕೂ ಬಲಕ್ಕೂ ಪಿಜಿಗಳಿವೆ. ಟೆರೇಸ್ ಮೇಲೆ ಹನ್ನೆರಡಕ್ಕೆ ಕೇಕ್ ಕತ್ತರಿಸಿ ಕೂಗಿದರೆ ಎಸ್ಸೆಸ್ಸೆಲ್ಸಿ ಓದುವ ನನ್ನ ಮೊಮ್ಮಗಳು ಎದ್ದು ಕೂರುತ್ತಾಳೆ. ನಮ್ಮಲ್ಲಿ ನೀರು ದಿನಾ ಬರುವುದಿಲ್ಲ, ಬಂದ ದಿನ ಪಿಜಿ ಟ್ಯಾಂಕ್ ತುಂಬಿ ಸುಮ್ನೆ ಹರಿಯುತ್ತಿರುತ್ತದೆ. ಓಣಿಯೂ ನಿಮ್ಮ ಮನೆಯೇ ಅಲ್ವಾ? ಹೊಸಬರನ್ನು ಕರೆದುಕೊಂಡು ಒಂದು ಸಂಜೆ ಅಕ್ಕಪಕ್ಕದ ಮನೆಗಳಿಗೆ ಬನ್ನಿ ಮಗಳೇ. ಹೆಸರು ಗೊತ್ತಿದ್ದರೆ ನಮಗೂ ನಿಮ್ಮ ಮೇಲೆ ಒಂದು ಕಣ್ಣಿಡಲು ಆಗುತ್ತದೆ.

ಸಪ್ತಾಪುರದ ಫೈನಲ್ ಇಯರ್:

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಅಕ್ಕಾ, ನೀವು ಹೇಳಿದ ಹುಡುಗನ ಬಗ್ಗೆ ಓದಿ ರಾತ್ರಿ ನಿದ್ದೆ ಬರಲಿಲ್ಲ.

ನನ್ನ ಬಾಟನಿ ಅಕ್ಕನಿಗೆ ಫೋನ್ ಮಾಡಿದೆ. ಬ್ಯಾಗ್ ತುಂಬಿದ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ‘ಜ್ವರದಲ್ಲಿ ನಿನ್ನ ಹತ್ತಿರ ಕುಳಿತದ್ದಕ್ಕೆ ನಾವು ಹತ್ತಿರವಾದೆವು, ಜರ್ನಲ್ ಬರೆಸಿದ್ದಕ್ಕಲ್ಲ’ ಅಂದರು. ಅದನ್ನೇ ಗೆಳತಿಯರಿಗೆ ಹೇಳಿದೆ. ಇಬ್ಬರು ಇನ್ನೂ ಒಪ್ಪಿಲ್ಲ, ಮಾತು ಬಿಟ್ಟಿದ್ದಾರೆ. ಅದು ನೋವಾಗುತ್ತಿದೆ.

ಶನಿವಾರ ಸಂಜೆ ಆರಕ್ಕೆ ಊಟದ ಹಾಲ್‌ನಲ್ಲಿ ಸೇರುತ್ತೇವೆ. ವಾರ್ಡನ್ ಮೇಡಂ ಬರುತ್ತಾರೆ. ಬಡಿಸುವುದು ನಾವು, ಮೇಷ್ಟ್ರೇ. ನಂಬರ್ ಗೋಡೆಗೆ ಅಂಟಿಸಿದ್ದಾಯಿತು. ಇವತ್ತು ಬೆಳಗ್ಗೆ ಶಿಗ್ಗಾವಿಯ ಹುಡುಗಿಗೆ ಬಿಸಿನೀರು ತಂದು ಬಾಗಿಲಲ್ಲಿಟ್ಟೆ. ಗಾಬರಿಯಾಗಿ ‘ಯಾಕಕ್ಕಾ’ ಅಂದಳು. ಮಧ್ಯಾಹ್ನ ನನ್ನ ಎದುರಿಗೇ ಊಟಕ್ಕೆ ಕುಳಿತಳು.

ಒಂದೇ ಉಳಿದಿದೆ. 42 ಜನಕ್ಕೆ ಗಿರ್ಮಿಟ್ ಮಾಡಲು ಎಷ್ಟು ಚುರುಮುರಿ ಬೇಕು? ಮಾಡಿ ಗೊತ್ತಿದ್ದವರು ಶುಕ್ರವಾರದೊಳಗೆ ಹೇಳಿ.