[ಪದಚರ್ಚೆ] ಎಸೆಯೋ ಮೊಳೆನ ಪ್ರತಿಸಲ ಒಂದೇ ಜಾಗದಲ್ಲಿ ಇಡೋದಕ್ಕೆ ಏನಂತೀರಿ? (ಅರ್ಜೆಂಟ್)

ಎಲ್ಲರಿಗೂ ನಮಸ್ಕಾರ. ಸ್ಕೂಲ್ ವಿಜ್ಞಾನ ಪ್ರದರ್ಶನಕ್ಕೆ ನಮ್ಮ ಹುಡುಗ್ರು ಕಾಯಿಲ್ ಗನ್ ಮಾಡಿದಾರೆ, ಪ್ಲಾಸ್ಟಿಕ್ ಕೊಳವೆಗೆ ತಾಮ್ರದ ತಂತಿ ಸುತ್ತಿ, ಕರೆಂಟ್ ತುಂಬಿಟ್ಟ ಕೆಪಾಸಿಟರ್ ಒಂದೇಟಿಗೆ ಖಾಲಿ ಮಾಡಿದ್ರೆ ಒಳಗಿರೋ ಮೊಳೆ ತುಂಡು ಹಾರುತ್ತೆ. ಬೋರ್ಡ್ ಬರಹ ನನ್ನ ತಲೆಗೆ ಬಂದಿದೆ, ಸಂಜೆ 6ಕ್ಕೆ ಪ್ರಿಂಟಿಂಗ್ ಅಂಗಡಿಗೆ ಕೊಡ್ಬೇಕು. ಮೊಳೆ ಸುರುಳಿಯ ನಟ್ಟನಡುವೆ ಇದ್ರೆ ಕದಲೋದೇ ಇಲ್ಲ, ತೀರಾ ಆಚೆ ಇದ್ರೆ ಎಳೆತ ಸಾಲಲ್ಲ, ನಡು ದಾಟಿದ ಮೇಲೂ ಕರೆಂಟ್ ಉಳಿದಿದ್ರೆ ವಾಪಸ್ ಎಳ್ಕೊಳುತ್ತೆ, ಹಾಗಾಗಿ ಸ್ವಲ್ಪ ಹಿಂದೆ ಮುಂದೆ ಆದ್ರೂ ವೇಗ ಬದಲಾಗುತ್ತೆ. ಅದಕ್ಕೆ ಕೊಳವೆ ಹಿಂದಿಂದ ಬಿದಿರು ಕಡ್ಡಿ ತುರುಕಿ, ಪ್ರತಿಸಲ ಅದಕ್ಕೆ ತಾಗಿಸಿ ಇಡ್ತಾರೆ. ಈ ಇಡೋ ಕೆಲಸಕ್ಕೆ, ಆ ಜಾಗಕ್ಕೆ ಪದ ಬೇಕು. "ಉತ್ಕ್ಷೇಪಕದ ಏಕರೂಪ ಸ್ಥಾನೀಕರಣ" ಅಂತ ಬರ್ದಿದ್ದೆ, ಏಳನೇ ಕ್ಲಾಸ್ ಹುಡುಗಿ ಓದೋಕೆ ಹೋಗಿ ನಕ್ಕುಬಿಟ್ಳು.

---
ಹೂಡು. ಬೇರೆ ಹುಡುಕ್ಬೇಡಿ. ಬಿಲ್ಲಿಗೆ ಬಾಣ ಹೂಡ್ತೀವಿ, ನೊಗಕ್ಕೆ ಎತ್ತು ಹೂಡ್ತೀವಿ, ಮೂರು ಕಲ್ಲಿಟ್ಟು ಒಲೆ ಹೂಡ್ತೀವಿ. ಹಳಗನ್ನಡದಲ್ಲಿ ಪೂಡು. ತಮಿಳಿನ ಪೂಟ್ಟು ಇದರದೇ ದಾಯಾದಿ, ಅಲ್ಲಿ ಬೀಗ ಹಾಕೋದಕ್ಕೂ ಅದೇ ಮಾತು, ಅಂದ್ರೆ ಅಲ್ಲಾಡದ ಹಾಗೆ ಸೇರಿಸೋದು. ನಿಮಗೆ ಬೇಕಿರೋದೂ ಅದೇ ತಾನೇ. ಜಾಗಕ್ಕೆ ಹೂಡುದಾಣ, ನಿಲ್ದಾಣ ತಂಗುದಾಣ ಇದ್ದ ಹಾಗೆ.

---
> ಜಾಗಕ್ಕೆ ಹೂಡುದಾಣ

ಮ್ಯೂಚುವಲ್ ಫಂಡ್ ಆಫೀಸಾ? ಹೂಡಿಕೆ ಅಂದ್ರೆ ಈಗ ದುಡ್ಡು ಅಷ್ಟೆ. ಬೆಂಗ್ಳೂರಿನವರಾದ್ರೆ ವೈಟ್‌ಫೀಲ್ಡ್ ಹತ್ರದ ಹೂಡಿ ಸ್ಟೇಷನ್ ಅನ್ಕೋತಾರೆ. ಸ್ಥಾನ ಅನ್ನೋಕೆ ಯಾಕಪ್ಪಾ ನಾಚಿಕೆ, ಹೂಡುಸ್ಥಾನ ಅನ್ನಿ.

---
ಅರಿಸಮಾಸ. ಮುಗೀತು.

---
> ಅರಿಸಮಾಸ. ಮುಗೀತು.

ಏನು ಮುಗೀತು? ಕನ್ನಡ ಪದಕ್ಕೆ ಸಂಸ್ಕ್ರುತ ಪದ ಕೂಡಿಸ್ಬಾರ್ದು ಅನ್ನೋದು ಸಂಸ್ಕ್ರುತದ ಬಕ್ತರು ಕನ್ನಡಕ್ಕೆ ಹಾಕಿದ ಬೇಲಿ. ನಮ್ಮ ಬಾಶೆಯಲ್ಲಿ ಜನ ಹೇಗೆ ಕೂಡಿಸ್ತಾರೋ ಅದೇ ಸರಿ. ಆದ್ರೂ ಹೂಡುದಾಣನೇ ಅಚ್ಚಗನ್ನಡ, ಅದನ್ನೇ ಹಾಕಿ.

---
ಬೇಲಿ ಹಾಕಿದ್ದು ಹಳಗನ್ನಡಕ್ಕೆ ವ್ಯಾಕರಣ ಬರೆದ ಕೇಶಿರಾಜ, ಅವನು ಕನ್ನಡದವನೇ. ಬಿರುದಾವಳಿಗೆ ವಿನಾಯಿತಿ ಕೊಟ್ಟಿದಾನೆ, ಮೊಳೆ ತುಂಡಿಗೆ ಕೊಟ್ಟಿಲ್ಲ. ಇನ್ನು ನಿಮ್ಮ ಅಚ್ಚಗನ್ನಡದ "ತಾಣ" ಸ್ಥಾನದ ತದ್ಭವ ಸ್ವಾಮಿ, ಮಹಾಪ್ರಾಣ ಕಿತ್ತಾಕಿದ ತಕ್ಷಣ ಅಪ್ಪ ಬದಲಾಗಲ್ಲ.

---
ಈ ಸಾಮಾನಲ್ಲಿ ಅಚ್ಚಗನ್ನಡ ಹುಡುಕ್ತಿರೋದೇ ತಮಾಷೆ. ಬಂದೂಕು ನಮ್ದಲ್ಲ, ತುಪಾಕಿ ತುರ್ಕಿ ಕಡೇದು, ಫಿರಂಗಿ ಅಂದ್ರೆ ಫ್ರಾಂಕರು ಅನ್ನೋ ಜನರ ಹೆಸರು. ಯಾರಾದ್ರೂ ವಾಪಸ್ ಕೊಟ್ರಾ? ಕಾಯಿಲ್ ಗನ್‌ಗೆ ಕರೆಂಟ್ ಫಿರಂಗಿ ಅಂತ ಬರೀರಿ, ಚೆನ್ನಾಗಿರುತ್ತೆ. 1903ರಲ್ಲಿ ನಾರ್ವೆಯ ವಿಜ್ಞಾನಿ ಬಿರ್ಕೆಲಾಂಡ್ ಜನರನ್ನ ಕರೆದು ಹಾರಿಸೋಕೆ ಹೋಗಿ ಶಾರ್ಟ್ ಆಗಿ ಕಿಡಿ ಎದ್ದಿದ್ದು ಇಂಥದ್ರಲ್ಲೇ, ಆಮೇಲೆ ಅದೇ ಥರದ ಕಿಡಿಯಿಂದ ಗಾಳಿಲಿರೋ ನೈಟ್ರೋಜನ್ ಹಿಡಿದು ಗೊಬ್ಬರ ಮಾಡಿದ ಪುಣ್ಯಾತ್ಮ.

---
> ಕರೆಂಟ್ ಫಿರಂಗಿ

ಇದೂ ಒಂದು ಪದವಾ. ಥೂ.

---
ಎಲ್ಲರಿಗೂ ಥ್ಯಾಂಕ್ಸ್. ಐದೂವರೆ ಆಗಿತ್ತು, ಆ ಹುಡುಗಿನೇ ಕೇಳ್ದೆ, ನೀವು ಏನಂತೀರಮ್ಮಾ ಅಂತ. "ಮೊಳೆ ಕೂರ್ಸೋದು ಸಾರ್, ಅದು ಮೊಳೆ ಕೂರೋ ಗೆರೆ" ಅಂದ್ಳು. ಹಾಗೇ ಕೊಟ್ಟೆ.

---
ಕೂರೋ ಅಲ್ಲ, ಕೂರುವ. ಬೋರ್ಡ್ ಮೇಲಾದ್ರೂ ಸರಿಯಾಗಿ ಬರೀಬಾರ್ದಾ ಮೇಷ್ಟ್ರೇ?

---
ಪ್ರಿಂಟ್ ಆಯ್ತು ಸಾರ್.