ತಮ್ಮನ ಕಣ್ಣಿನ ಶಸ್ತ್ರಚಿಕಿತ್ಸೆಯ ವಿಷಯವನ್ನು ಅವನಿಗೇ ಅರ್ಥವಾಗುವಂತೆ ಹೇಳುವುದು ಹೇಗೆ?

ಪ್ರಶ್ನೆ: ಧಾರವಾಡದಿಂದ ಒಬ್ಬ ಅಕ್ಕ

ನನ್ನ ತಮ್ಮನಿಗೆ 31 ವರ್ಷ. ಅವನಿಗೆ ಡೌನ್ ಸಿಂಡ್ರೋಮ್ ಇದೆ. ಎರಡು ಮೂರು ಪದಗಳ ವಾಕ್ಯಗಳಲ್ಲಿ ಮಾತನಾಡುತ್ತಾನೆ. ತನ್ನ ಹೆಸರನ್ನು, ಮನೆಯವರ ಹೆಸರುಗಳನ್ನು, ದಿನವೂ ಹತ್ತುವ ಬಸ್ಸಿನ ಬೋರ್ಡನ್ನು ಓದಬಲ್ಲ. ಎರಡೂ ಕಣ್ಣುಗಳಲ್ಲಿ ಪೊರೆ ಬೆಳೆದಿದ್ದು, ಮುಂದಿನ ತಿಂಗಳು ಪೂರ್ಣ ಅರಿವಳಿಕೆ ಕೊಟ್ಟು ಮೊದಲು ಬಲಗಣ್ಣಿಗೆ ಶಸ್ತ್ರಚಿಕಿತ್ಸೆ ಮಾಡುವುದೆಂದು ತೀರ್ಮಾನವಾಗಿದೆ. ವೈದ್ಯರು ತಾಳ್ಮೆಯಿಂದಲೇ ವಿವರಿಸಿದರು, ಆದರೆ ಎಲ್ಲವನ್ನೂ ನನಗೆ ಹೇಳಿದರು. ಪಕ್ಕದಲ್ಲೇ ಕುಳಿತಿದ್ದ ಅವನ ಕಡೆ ಒಮ್ಮೆಯೂ ತಿರುಗಲಿಲ್ಲ.

ಎರಡು ವರ್ಷಗಳ ಹಿಂದೆ ಹಲ್ಲು ಕೀಳಿಸಲು ಕರೆದೊಯ್ದಾಗ, "ಅವನಿಗೇನು ತಿಳಿಯುತ್ತದೆ" ಎಂದುಕೊಂಡು ನಾವು ಅವನಿಗೆ ಏನನ್ನೂ ಹೇಳಿರಲಿಲ್ಲ. ಕುರ್ಚಿಯ ಮೇಲೆ ಅವನನ್ನು ಮೂವರು ಹಿಡಿದುಕೊಳ್ಳಬೇಕಾಯಿತು. ಅಂದಿನಿಂದ ಬಿಳಿ ಕೋಟು ಕಂಡರೆ ಸಾಕು, ನನ್ನ ಬೆನ್ನ ಹಿಂದೆ ಬಂದು ನಿಲ್ಲುತ್ತಾನೆ. ಆ ತಪ್ಪನ್ನು ಮತ್ತೆ ಮಾಡಲು ನನಗೆ ಮನಸ್ಸಿಲ್ಲ.

ಆಸ್ಪತ್ರೆಯ ಸೂಚನಾ ಪತ್ರದಲ್ಲಿ "ರೋಗಿಯು ಹಿಂದಿನ ರಾತ್ರಿಯ ಊಟದ ನಂತರ ಏನನ್ನೂ ಸೇವಿಸದೆ ಬರತಕ್ಕದ್ದು" ಎಂದಿದೆ. ಅದನ್ನು ನಾನು ಎಷ್ಟೇ ಸರಳಗೊಳಿಸಿ ಓದಿ ಹೇಳಿದರೂ ಅವನು "ಹೂಂ" ಎನ್ನುತ್ತಾನೆ. ಅವನು ಎಲ್ಲದಕ್ಕೂ ಹೂಂ ಎನ್ನುವವನು. ಅವನಿಗೆ ನಿಜವಾಗಿ ಅರ್ಥವಾಗುವಂತೆ ಇದನ್ನು ಬರೆಯುವುದು ಹೇಗೆ, ಅರ್ಥವಾಗಿದೆಯೇ ಎಂದು ತಿಳಿಯುವುದು ಹೇಗೆ?

ಉತ್ತರ: ವಿಶೇಷ ಶಿಕ್ಷಕಿ, ಮೈಸೂರು

ಮೇಡಂ, ನೀವು ಉದ್ಧರಿಸಿದ ವಾಕ್ಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ತೊಂದರೆ ಅದರ ಕಠಿಣ ಪದಗಳಲ್ಲಿ ಮಾತ್ರ ಇಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅದು ಬರುವ ತನಕ ಹಿಂದಿನ ಮಾತುಗಳನ್ನೆಲ್ಲ ನೆನಪಿನಲ್ಲಿ ಹಿಡಿದುಕೊಂಡಿರಬೇಕು. ಅದಕ್ಕಿಂತ ದೊಡ್ಡ ತೊಡಕೆಂದರೆ, "ತಿನ್ನಬಹುದು" ಮತ್ತು "ತಿನ್ನಬಾರದು" ಎಂಬ ಎರಡು ಮಾತುಗಳ ವ್ಯತ್ಯಾಸ ಇರುವುದು ಬಾಲದಲ್ಲಿ. ಡೌನ್ ಸಿಂಡ್ರೋಮ್ ಇರುವ ಅನೇಕರಿಗೆ ಶ್ರವಣದ ಸಮಸ್ಯೆಯೂ ಇರುವುದರಿಂದ, ಆ ಬಾಲ ಕಿವಿಗೆ ಬೀಳದೆ ಹೋದರೆ ನಿಷೇಧವೇ ಅಪ್ಪಣೆಯಾಗಿಬಿಡುತ್ತದೆ. "ಸೇವಿಸದೆ" ಎಂಬಲ್ಲಿಯಂತೂ ಇಡೀ ನಿಷೇಧ "ದೆ" ಎಂಬ ಒಂದೇ ಅಕ್ಷರದಲ್ಲಿ ಅಡಗಿದೆ. ಆದ್ದರಿಂದ ಒಂದು ಸಾಲಿಗೆ ಒಂದೇ ವಿಷಯ ಬರೆಯಿರಿ:

ನಾನು ರಾತ್ರಿ ಊಟ ಮಾಡುತ್ತೇನೆ.
ನಾನು ಮಲಗುತ್ತೇನೆ.
ಬೆಳಿಗ್ಗೆ ತಿಂಡಿ ಇಲ್ಲ. ಚಹಾ ಇಲ್ಲ.
ನಾನು ಆಸ್ಪತ್ರೆಗೆ ಹೋಗುತ್ತೇನೆ.

ನೀರಿನ ವಿಷಯದಲ್ಲಿ ವೈದ್ಯರು ಹೇಳಿದ ಸಮಯವನ್ನು ಕೇಳಿಕೊಂಡು ಅದಕ್ಕೊಂದು ಸಾಲು ಸೇರಿಸಿ. "ನಾನು" ಎಂದು ಬರೆಯುವುದರಿಂದ ಇನ್ನೊಂದು ಲಾಭವಿದೆ. 31 ವರ್ಷದವರನ್ನು ಮಗುವಿನಂತೆ "ನೀನು" ಎಂದು ಬರೆಯುವುದು ಸರಿಯಲ್ಲ, ಆದರೆ "ನೀವು" ಎಂದರೆ ಒಬ್ಬರೋ ಹಲವರೋ ಎಂಬ ಗೊಂದಲ ಹುಟ್ಟಬಹುದು; "ನಾನು" ಎರಡನ್ನೂ ತಪ್ಪಿಸುತ್ತದೆ. ಭಾಷೆ ನಿಮ್ಮ ಮನೆಯಲ್ಲಿ ಆಡುವುದೇ ಇರಲಿ.

ನಿಮ್ಮ ಕಡೆ "ಕಣ್ಣು ತೆಗಿ" ಎಂದರೆ ಕಣ್ಣು ಬಿಡು ಎಂದರ್ಥ, ನಮ್ಮ ಕಡೆ ಅದು ಕಣ್ಣನ್ನೇ ಕಿತ್ತಂತೆ ಕೇಳಿಸುತ್ತದೆ. ಹಲ್ಲು ತೆಗೆದದ್ದನ್ನು ಕಂಡಿರುವವರಿಗೆ "ಪೊರೆ ತೆಗೆಯುತ್ತಾರೆ" ಎಂಬ ಮಾತು ಹೇಗೆ ತಾಗೀತು ಎಂದು ಯೋಚಿಸಿ. "ಈಗ ಮಸುಕಾಗಿ ಕಾಣುತ್ತದೆ. ಡಾಕ್ಟರ್ ಕಣ್ಣು ಸರಿ ಮಾಡುತ್ತಾರೆ" ಎಂದರೆ ಸಾಕು, ಆದರೆ ಆಮೇಲೆ ಸ್ವಲ್ಪ ನೋಯಬಹುದು, ಕಣ್ಣಿಗೆ ಪಟ್ಟಿ ಇರುತ್ತದೆ ಎಂಬುದನ್ನು ಮುಚ್ಚಿಡಬೇಡಿ. ಕಾರ್ಟೂನು ಬೇಡ, ಅದೇ ಆಸ್ಪತ್ರೆಯ ಬಾಗಿಲು, ಮಂಚ, ಕಣ್ಣಿನ ಹನಿಯ ಬಾಟಲಿ, ಇವುಗಳ ಫೋಟೋ ತೆಗೆದು ಅಂಟಿಸಿ.

"ತಿಳಿಯಿತೇ" ಎಂದು ಎಂದೂ ಕೇಳಬೇಡಿ. ತಟ್ಟೆಯ ಚಿತ್ರವನ್ನೂ ಆಸ್ಪತ್ರೆಯ ಚಿತ್ರವನ್ನೂ ಮುಂದಿಟ್ಟು, "ಬೆಳಿಗ್ಗೆ ಎದ್ದ ಮೇಲೆ ಯಾವುದು" ಎಂದು ಕೇಳಿ. ಸ್ವಲ್ಪ ಹೊತ್ತಿನ ನಂತರ ಚಿತ್ರಗಳ ಜಾಗ ಅದಲುಬದಲು ಮಾಡಿ ಮತ್ತೆ ಕೇಳಿ. ಬಲಗಡೆಯದನ್ನೇ ಸದಾ ತೋರಿಸುವವರೂ ಇರುತ್ತಾರೆ. ಉತ್ತರಕ್ಕೆ ಮನಸ್ಸಿನಲ್ಲಿ ಹತ್ತು ಎಣಿಸುವಷ್ಟು ಹೊತ್ತು ಕಾಯಿರಿ.

ಉತ್ತರ: ಕನ್ನಡತಿ ನರ್ಸ್, ಇಂಗ್ಲೆಂಡಿನ ಲೀಡ್ಸ್

ಇಂಟರ್ನೆಟ್‌ನಲ್ಲಿ ಮಾಹಿತಿ ಹುಡುಕುವಾಗ ಒಂದು ಪದದ ಬಗ್ಗೆ ಎಚ್ಚರವಿರಲಿ. ಇಲ್ಲಿ "ಲರ್ನಿಂಗ್ ಡಿಸೆಬಿಲಿಟಿ" ಎಂದರೆ ನಮ್ಮಲ್ಲಿ ಬೌದ್ಧಿಕ ಅಸಾಮರ್ಥ್ಯ ಎನ್ನುವುದು; ಭಾರತದಲ್ಲಿ ಅದೇ ಪದವನ್ನು ಡಿಸ್‌ಲೆಕ್ಸಿಯಾದಂತಹ ಕಲಿಕಾ ತೊಂದರೆಗಳಿಗೆ ಬಳಸುತ್ತಾರೆ. ಇಲ್ಲಿ ಚಿತ್ರವೂ ಚಿಕ್ಕ ವಾಕ್ಯವೂ ಇರುವ "ಈಸಿ ರೀಡ್" ಮಾಹಿತಿ ಪತ್ರಗಳು ಹೇರಳವಾಗಿ ಉಚಿತವಾಗಿ ಸಿಗುತ್ತವೆ, ಮಾದರಿಗೆ ನೋಡಿ.

2016ರ ಆಗಸ್ಟ್‌ನಿಂದ ಇಂಗ್ಲೆಂಡಿನ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಗಳು ಒಂದು ಮಾನದಂಡವನ್ನು ಪಾಲಿಸಬೇಕಾಗಿದೆ: ರೋಗಿಗೆ ಮಾಹಿತಿ ಯಾವ ರೂಪದಲ್ಲಿ ಬೇಕೆಂದು ಕೇಳಿ ತಿಳಿಯಬೇಕು, ದಾಖಲಿಸಬೇಕು, ಕಡತ ತೆರೆದೊಡನೆ ಕಣ್ಣಿಗೆ ಬೀಳುವಂತೆ ಗುರುತಿಡಬೇಕು, ಸಂಬಂಧಪಟ್ಟವರಿಗೆ ತಿಳಿಸಬೇಕು, ಆ ರೂಪದಲ್ಲೇ ಕೊಡಬೇಕು. ಪಾಲನೆ ಎಲ್ಲೆಡೆ ಪರಿಪೂರ್ಣವಾಗಿಲ್ಲ, ಆದರೂ ಕೇಳುವ ಹೊಣೆ ಆಸ್ಪತ್ರೆಯದು ಎಂಬುದು ದೊಡ್ಡ ಬದಲಾವಣೆ.

ರೋಗಿಯ ಬಗ್ಗೆ ಆಸ್ಪತ್ರೆಯವರು ತಿಳಿದಿರಬೇಕಾದದ್ದನ್ನು ಬರೆದಿಡುವ, ಇಲ್ಲಿನ "ಹಾಸ್ಪಿಟಲ್ ಪಾಸ್‌ಪೋರ್ಟ್" ಅನ್ನು ನೀವು ನಾಳೆಯೇ ಮಾಡಬಹುದು. ಕೆಂಪು ಭಾಗದಲ್ಲಿ ತಿಳಿಯಲೇಬೇಕಾದದ್ದು (ಔಷಧ, ಅಲರ್ಜಿ, ಹೃದಯದ ತೊಂದರೆ), ಹಳದಿಯಲ್ಲಿ ಮುಖ್ಯವಾದದ್ದು ("ನೋವಾದರೆ ಹೇಳುವುದಿಲ್ಲ, ಸುಮ್ಮನಾಗುತ್ತಾನೆ"), ಹಸಿರಿನಲ್ಲಿ ಇಷ್ಟಾನಿಷ್ಟ. "ಎಲ್ಲದಕ್ಕೂ ಹೂಂ ಎನ್ನುತ್ತಾನೆ, ಅದು ಒಪ್ಪಿಗೆಯಲ್ಲ" ಎಂಬುದನ್ನು ಕೆಂಪಿನಲ್ಲೇ ಬರೆಯಿರಿ.

ಉತ್ತರ: ವಾಕ್ ಚಿಕಿತ್ಸಕ, ಬೆಂಗಳೂರು

ಮೈಸೂರಿನ ಮೇಡಂ ಹೇಳಿದ್ದರಲ್ಲಿ ಒಂದನ್ನು ಮಾತ್ರ, ಮನೆಮಾತಿನಲ್ಲೇ ಬರೆಯಿರಿ ಎಂಬುದನ್ನು, ಒಪ್ಪಲಾರೆ. ನಿಮ್ಮ ತಮ್ಮ ಪದಗಳನ್ನು ಅಕ್ಷರ ಕೂಡಿಸಿ ಓದದೆ, ಒಟ್ಟು ಆಕಾರದಿಂದ ಗುರುತಿಸುತ್ತಿರಬಹುದು. ಹಾಗಿದ್ದರೆ ಅವನು ಕಲಿತ, ಬೋರ್ಡುಗಳಲ್ಲಿ ಕಾಣುವ ರೂಪವನ್ನೇ ಮುದ್ರಿಸಿ. "ಹೋಗುತ್ತೇನೆ" ಎಂಬುದರ ಬದಲು "ಹೊಕ್ಕೇನಿ" ಎಂದು ಬರೆದರೆ ಅದು ಅವನಿಗೆ ಹೊಸ ಆಕಾರ. ಗಟ್ಟಿಯಾಗಿ ಓದುವಾಗ ಮನೆಮಾತಿನಲ್ಲೇ ಹೇಳಿ.

ಚಿತ್ರ ಕೊಟ್ಟರೆ ಇರುವ ಮಾತೂ ಹೋಗುತ್ತದೆ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ಚಿತ್ರ ಸಂವಹನ ಮಾತನ್ನು ಕುಗ್ಗಿಸುವುದಿಲ್ಲವೆಂದು ಅಧ್ಯಯನಗಳು ತೋರಿಸಿವೆ. ಸ್ಪೇನಿನ ಅರಗಾನ್ ಪ್ರಾಂತ್ಯದ ಸರ್ಕಾರದ "ಅರಾಸಾಕ್" ಸಂಗ್ರಹದ ಸಂವಹನ ಚಿತ್ರಗಳು ಖಾಸಗಿ ಬಳಕೆಗೆ ಉಚಿತ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆಯನ್ನೂ ಮಾಡಿಸಬಹುದು.

ಆಸ್ಪತ್ರೆಯಲ್ಲಿ ಸಂಕೋಚಪಡದೆ ಕೇಳಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸಂವಹನ ಎಂಬುದಕ್ಕೆ ಕೊಡುವ ವ್ಯಾಖ್ಯೆಯಲ್ಲೇ ಸರಳ ಭಾಷೆಯೂ ಪರ್ಯಾಯ ಸಂವಹನ ವಿಧಾನಗಳೂ ಸೇರಿವೆ. ಒಪ್ಪಿಗೆಯ ವಿಷಯಕ್ಕೆ ಬಂದರೆ, 2009ರಲ್ಲಿ ಚಂಡೀಗಢದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸೌಮ್ಯ ಪ್ರಮಾಣದ ಬೌದ್ಧಿಕ ಅಸಾಮರ್ಥ್ಯವಿದ್ದ ಯುವತಿಯ ಗರ್ಭವನ್ನು ಅವಳ ಒಪ್ಪಿಗೆಯಿಲ್ಲದೆ ತೆಗೆಸುವಂತಿಲ್ಲ ಎಂದಿತು.

ಪ್ರಶ್ನೆ ಕೇಳಿದವರಿಂದ, ಹತ್ತು ದಿನಗಳ ನಂತರ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಎಂಟು ಪುಟಗಳ ಪುಸ್ತಿಕೆ ಮಾಡಿದೆ. ಮುದ್ರಣದಲ್ಲಿ ಪುಸ್ತಕದ ರೂಪ, ಓದುವಾಗ ನಮ್ಮ ಮಾತು. ತಟ್ಟೆಯ ಚಿತ್ರದ ಪ್ರಶ್ನೆಗೆ ಮೊದಲ ಮೂರು ದಿನ ತಪ್ಪಾಗಿ ತೋರಿಸಿದ, ನಾಲ್ಕನೆಯ ದಿನದಿಂದ ಸರಿಯಾಗಿ ತೋರಿಸುತ್ತಿದ್ದಾನೆ. ಅಂದರೆ ಮೊದಲು ಹೂಂ ಎಂದಾಗಲೆಲ್ಲ ಅವನಿಗೆ ತಿಳಿದಿರಲಿಲ್ಲ.

ಐದನೆಯ ಪುಟದಲ್ಲಿ ಶಸ್ತ್ರಚಿಕಿತ್ಸಾ ಕೊಠಡಿಯ ಬಾಗಿಲಿದೆ. ಅದರ ಮೇಲೆ ಬೆರಳಿಟ್ಟು "ಅಕ್ಕ ಎಲ್ಲಿ?" ಎಂದು ಕೇಳಿದ. ಅರ್ಧ ಗಂಟೆ ವೈದ್ಯರೊಡನೆ ಮಾತನಾಡಿದ್ದ ನಾನು ಅದನ್ನು ಕೇಳಿಯೇ ಇರಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಿದೆ. ಅರಿವಳಿಕೆ ಕೊಟ್ಟು ನಿದ್ದೆ ಬರುವವರೆಗೂ, ಮತ್ತೆ ಎಚ್ಚರವಾಗುವಾಗಲೂ ನಾನು ಜೊತೆಗಿರಲು ಒಪ್ಪಿದ್ದಾರೆ. ಹೊರಗಿನ ಬೆಂಚಿನ ಮೇಲೆ ನಾನು ಕುಳಿತಿರುವ ಫೋಟೋ ತೆಗೆದು ಅದೇ ಪುಟಕ್ಕೆ ಸೇರಿಸಿದ್ದೇನೆ.

ಶಸ್ತ್ರಚಿಕಿತ್ಸೆಯ ನಂತರ ವಾರಗಟ್ಟಲೆ, ದಿನಕ್ಕೆ ಹಲವು ಬಾರಿ ಕಣ್ಣಿಗೆ ಹನಿ ಹಾಕಬೇಕಂತೆ. ಇಷ್ಟು ದಿನ ಎಂಬುದನ್ನು ಎಣಿಕೆ ಬಾರದವನಿಗೆ ಯಾರಾದರೂ ತೋರಿಸಿಕೊಟ್ಟಿದ್ದರೆ, ಹೇಗೆಂದು ದಯವಿಟ್ಟು ತಿಳಿಸಿ.