ಮನೆ ಪೈಪು, ಟೂಲ್ಸು ಬಗ್ಗೆ ಏನೂ ಗೊತ್ತಿಲ್ಲ, ಎಲ್ಲಿಂದ ಶುರು ಮಾಡ್ಲಿ? ಅನುಭವ ಇರೋರು ಹೇಳಿ

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಹಳೇ ಮನೆಗೆ ಬಂದು ಎರಡು ತಿಂಗಳಾಯ್ತು, ಅಡುಗೆಮನೆ ಸಿಂಕ್ ಕೆಳಗೆ ನೀರು ತೊಟ್ಟಿಕ್ತಾನೇ ಇದೆ. ಪ್ಲಂಬರ್ ಬಂದ್ರೆ ಜಿಐ, ಸಿಪಿವಿಸಿ, ಎಫ್‌ಟಿಎ, ಅರ್ಧ ಇಂಚು ಮುಕ್ಕಾಲು ಇಂಚು ಅಂತಾರೆ, ಒಂದೂ ಅರ್ಥ ಆಗಲ್ಲ. ದೊಡ್ಡ ಕೆಲಸ ನಾನೇ ಮಾಡ್ತೀನಿ ಅಂತಲ್ಲ, ಯಾವ ಪೈಪು ಯಾವುದು, ಮನೇಲಿ ಏನೇನು ಟೂಲ್ ಇರ್ಬೇಕು ಅಂತ ತಿಳ್ಕೊಬೇಕು ಅಷ್ಟೆ. ದಯವಿಟ್ಟು ಹೇಳಿ.

ಉತ್ತರ: ಟೂಲ್ ತಗೊಳ್ಳೋಕೆ ಮುಂಚೆ ನಿಮ್ಮ ಮನೇಲಿರೋದು ಯಾವ ಪೈಪು ಅಂತ ನೋಡ್ಕೊಳ್ಳಿ, ಯಾಕಂದ್ರೆ ಯಾವ ಟೂಲ್ ಬೇಕು ಅನ್ನೋದನ್ನ ಪೈಪೇ ಹೇಳುತ್ತೆ. ಹಳೇ ಮನೆ ಅಂದ್ರಿ, ಹಾಗಾದ್ರೆ ಜಿಐ ಇರ್ಬಹುದು. ಜಿಐ ಅಂದ್ರೆ ಸತುವಿನ ಲೇಪ ಕೊಟ್ಟ ಕಬ್ಬಿಣದ ಪೈಪು, ಬೂದು ಬಣ್ಣ, ತಟ್ಟಿದ್ರೆ ಠಣ್ ಅನ್ನುತ್ತೆ, ಆಯಸ್ಕಾಂತ ಇಟ್ರೆ ಕಚ್ಕೊಳ್ಳುತ್ತೆ. ವರ್ಷ ಕಳೀತಾ ಕಳೀತಾ ಸತು ಸವೆದು ಒಳಗಡೆಯಿಂದ ತುಕ್ಕು ಹಿಡಿಯುತ್ತೆ, ಹೊರಗೆ ನೋಡಿದ್ರೆ ಗೊತ್ತೇ ಆಗಲ್ಲ. ನಮ್ಮ ಬಾತ್‌ರೂಮ್ ನಲ್ಲೀಲಿ ನೀರು ದಾರದ ಥರ ಬರ್ತಿತ್ತು, ಟ್ಯಾಂಕ್ ಎತ್ತರ ಸಾಲ್ತಿಲ್ಲ ಅನ್ಕೊಂಡು ಸುಮಾರು ದಿನ ಹಾಗೇ ಇದ್ವಿ, ಕೊನೆಗೆ ಒಂದು ತುಂಡು ಕತ್ತರಿಸಿ ಬೆಳಕಿಗೆ ಹಿಡಿದು ನೋಡಿದ್ರೆ ಒಳಗೆ ಕಂದು ತುಕ್ಕು ಗಂಟು ಗಂಟಾಗಿ ಕಟ್ಕೊಂಡು ಒಂದು ಪೆನ್ಸಿಲ್ ತೂರೋವಷ್ಟು ಜಾಗ ಮಾತ್ರ ಉಳ್ದಿತ್ತು.

ಪ್ಲಾಸ್ಟಿಕ್ ಪೈಪಲ್ಲಿ ಬಿಳೀದು ಸಾಮಾನ್ಯವಾಗಿ ಯುಪಿವಿಸಿ, ತಣ್ಣೀರಿಗೆ ಮಾತ್ರ. ಕೆನೆ ಬಣ್ಣದ್ದು ಸಿಪಿವಿಸಿ, ಅದ್ರಲ್ಲಿ ಕ್ಲೋರಿನ್ ಜಾಸ್ತಿ ಸೇರಿಸಿರ್ತಾರೆ, ಹಾಗಾಗಿ ಬಿಸಿ ತಡೆಯುತ್ತೆ, ಗೀಸರ್ ಲೈನಿಗೆ ಅದನ್ನೇ ಹಾಕೋದು. ಹಸಿರು ಬಣ್ಣದ ದಪ್ಪ ಪೈಪು ಇದ್ರೆ ಪಿಪಿಆರ್ ಇರುತ್ತೆ, ಅದಕ್ಕೆ ಅಂಟು ಹಾಕಲ್ಲ, ಸುಮಾರು 260 ಡಿಗ್ರಿ ಕಾದ ಮಷೀನಲ್ಲಿ ಪೈಪು, ಫಿಟ್ಟಿಂಗು (ಪೈಪು ಜೋಡಿಸೋ ತುಂಡು) ಎರಡನ್ನೂ ಮೆತ್ತಗೆ ಮಾಡಿ ಒತ್ತಿ ಬೆಸೆಯೋದು. ಬಣ್ಣ ಒಂದನ್ನೇ ನಂಬ್ಕೋಬೇಡಿ, ಪೈಪಿನ ಮೈಮೇಲೆ ಉದ್ದಕ್ಕೂ ಅಚ್ಚಾಗಿರುತ್ತೆ, ಅದನ್ನ ಓದಿ.

ಇನ್ನು ಅರ್ಧ ಇಂಚು ಅನ್ನೋದು. ನಾನು ಸ್ಕೇಲ್ ಇಟ್ಟು ಅಳೆದು ತಪ್ಪು ಫಿಟ್ಟಿಂಗ್ ತಂದಿದ್ದೀನಿ. ಅರ್ಧ ಇಂಚಿನ ಜಿಐ ಪೈಪಿನ ಹೊರಗಿನ ಅಳತೆ ಸುಮಾರು 21 ಮಿ.ಮೀ. ಬರುತ್ತೆ, ಅರ್ಧ ಇಂಚಿನ ಸಿಪಿವಿಸಿ ಹೊರಗಿನ ಅಳತೆ ಸುಮಾರು 16 ಮಿ.ಮೀ. ಎರಡಕ್ಕೂ ಹೆಸರು ಅರ್ಧ ಇಂಚೇ, ಅರ್ಧ ಇಂಚು ಅಂದ್ರೆ 12.7 ಮಿ.ಮೀ., ಹೊರಗೆ ಅಳೆದ್ರೆ ಎರಡೂ ಅಷ್ಟಿರಲ್ಲ! ಅದಕ್ಕೇ ಒಂದರ ಫಿಟ್ಟಿಂಗ್ ಇನ್ನೊಂದಕ್ಕೆ ಕೂರಲ್ಲ, ನಡುವೆ ಅಡಾಪ್ಟರ್ ಬೇಕು. ನಿಮ್ಮ ಪ್ಲಂಬರ್ ಹೇಳಿದ ಎಫ್‌ಟಿಎ ಅದೇ, ಒಂದು ತುದಿ ಪೈಪಿಗೆ ಅಂಟಿಸೋದು, ಇನ್ನೊಂದು ತುದೀಲಿ ಒಳಗಡೆ ಥ್ರೆಡ್ (ತಿರುಗಿಸಿ ಕೂರಿಸೋ ಸುರುಳಿ ಗೆರೆ) ಇರುತ್ತೆ, ಹೊರಗಡೆ ಥ್ರೆಡ್ ಇದ್ರೆ ಎಂಟಿಎ. ನಲ್ಲಿ ಕೂರಿಸೋ ಜಾಗಕ್ಕೆ ಹಿತ್ತಾಳೆ ಥ್ರೆಡ್ ಇರೋದನ್ನೇ ತಗೊಳ್ಳಿ, ಬರೀ ಪ್ಲಾಸ್ಟಿಕ್ ಥ್ರೆಡ್ಡಿಗೆ ಲೋಹದ್ದನ್ನ ಹಾಕಿ ಬಿಗಿ ಮಾಡಿದ್ರೆ ಸೀಳು ಬಿಡುತ್ತೆ.

ಇನ್ನೊಬ್ಬರು: ಮೇಲೆ ಹೇಳಿದ್ದೆಲ್ಲ ಸರಿ, ಆದ್ರೆ ನನ್ನ ಪ್ರಕಾರ ಎಲ್ಲಕ್ಕಿಂತ ಮೊದಲು ಇಡೀ ಮನೆ ನೀರು ನಿಲ್ಲಿಸೋ ಮೇನ್ ವಾಲ್ವ್ ಎಲ್ಲಿದೆ ಅಂತ ಹುಡುಕಿ, ಇವತ್ತೇ. ನಮ್ಮನೇಲಿ ರಾತ್ರಿ ಹನ್ನೊಂದು ಗಂಟೆಗೆ ನಲ್ಲಿ ಕೈಗೇ ಕಿತ್ಕೊಂಡು ಬಂತು, ನೀರು ಎದುರಿನ ಗೋಡೆಗೆ ಹೊಡೀತಿದೆ, ಓಡಿಹೋಗಿ ವಾಲ್ವ್ ತಿರುಗಿಸಿದ್ರೆ ಅದು ಅಲ್ಲಾಡ್ತಾನೇ ಇಲ್ಲ, ವರ್ಷಗಟ್ಟಲೆ ಯಾರೂ ಮುಟ್ಟಿರ್ಲಿಲ್ಲ, ಹಿಡ್ಕೊಂಡುಬಿಟ್ಟಿತ್ತು. ಟ್ಯಾಂಕ್ ಪೂರ್ತಿ ಖಾಲಿ ಆಗೋ ತನಕ ಅಮ್ಮ ನಾನು ಬಕೆಟ್ ಬದಲಾಯಿಸ್ತಾ ನಿಂತಿದ್ವಿ. ಆಮೇಲೆ ಬಾಲ್ ವಾಲ್ವ್ ಹಾಕಿಸಿದ್ವಿ, ಹಿಡಿ ಪೈಪಿನ ಉದ್ದಕ್ಕೇ ಇದ್ರೆ ನೀರು ಬರ್ತಿದೆ, ಅಡ್ಡಕ್ಕಿದ್ರೆ ಬಂದ್, ಕಾಲು ಸುತ್ತು ಸಾಕು, ಮಕ್ಕಳಿಗೂ ಹೇಳ್ಕೊಡಬಹುದು. ಆಗಾಗ ಒಂದ್ಸಲ ಮುಚ್ಚಿ ತೆಗೀತಿರಿ, ಹಿಡ್ಕೊಳ್ಳಲ್ಲ.

ಮತ್ತೊಬ್ಬರು: ಟೂಲ್ ಬಗ್ಗೆ ನಾನು ಹೇಳ್ತೀನಿ. ಒಂದು ಅಡ್ಜಸ್ಟಬಲ್ ಸ್ಪ್ಯಾನರ್, ಒಂದು ವಾಟರ್ ಪಂಪ್ ಪ್ಲೈಯರ್ (ಬಾಯಿ ಅಗಲ ಹೊಂದಿಸ್ಕೊಳ್ಳೋ ಇಕ್ಕಳ), ಹ್ಯಾಕ್ಸಾ (ಪೈಪು ಕತ್ತರಿಸೋ ಗರಗಸ), ಥ್ರೆಡ್ಡಲ್ಲಿ ನೀರು ಸೋರದ ಹಾಗೆ ಸುತ್ತೋ ಟೆಫ್ಲಾನ್ ಟೇಪ್, ಬೇರೆ ಬೇರೆ ಸೈಜಿನ ವಾಷರ್ ಒಂದಷ್ಟು, ಟಾರ್ಚು. ಮನೆಗೆ ಇಷ್ಟು ಸಾಕು. ಪೈಪ್ ರೆಂಚ್, ಅಂದ್ರೆ ಪೈಪು ಹಿಡಿದು ತಿರುಗಿಸೋ ಹಲ್ಲಿರೋ ಸ್ಪ್ಯಾನರ್, ಜಿಐ ಇದ್ರೆ ಮಾತ್ರ ಬೇಕು, ಅದೂ ಎರಡು, ಒಂದ್ರಲ್ಲಿ ಪೈಪು ಹಿಡ್ಕೊಂಡು ಇನ್ನೊಂದ್ರಲ್ಲಿ ತಿರುಗಿಸ್ಬೇಕು, ಇಲ್ಲಾಂದ್ರೆ ಬಲ ಎಲ್ಲ ಗೋಡೆ ಒಳಗಿರೋ ಜಾಯಿಂಟಿಗೆ ಹೋಗಿ ಅಲ್ಲಿ ಬಿಟ್ಕೊಳ್ಳುತ್ತೆ. ಅದರ ಹಲ್ಲು ಕಚ್ಚುತ್ತೆ, ಹಾಗಾಗಿ ಹೊಳೆಯೋ ನಲ್ಲಿಗೆ ಹಾಕ್ಬೇಡಿ, ಬಟ್ಟೆ ಸುತ್ತಿ ಸ್ಪ್ಯಾನರ್ ಹಾಕಿ.

ಟೆಫ್ಲಾನ್ ಟೇಪ್ ಸುತ್ತೋದ್ರಲ್ಲಿ ಬಹಳ ಜನ ತಪ್ಪು ಮಾಡ್ತಾರೆ. ಥ್ರೆಡ್ ಇರೋ ತುದಿ ನಿಮ್ಮ ಮುಖದ ಕಡೆ ಹಿಡ್ಕೊಂಡು ಗಡಿಯಾರದ ಮುಳ್ಳು ತಿರುಗೋ ಕಡೆಗೇ ಎಳೆದು ಬಿಗಿಯಾಗಿ ಸುತ್ತಿ, ಥ್ರೆಡ್ಡಿನ ಗೆರೆ ಟೇಪಿನ ಮೇಲೆ ಮೂಡ್ಬೇಕು. ಉಲ್ಟಾ ಸುತ್ತಿದ್ರೆ ಫಿಟ್ಟಿಂಗ್ ತಿರುಗಿಸ್ತಿದ್ದ ಹಾಗೇ ಟೇಪು ಮುದುಡ್ಕೊಂಡು ಆಚೆ ಬರುತ್ತೆ. ಬಿಗಿ ಮಾಡಿದ್ಮೇಲೆ ನಲ್ಲಿ ನೇರ ಬರ್ಲಿಲ್ಲ ಅಂತ ಸ್ವಲ್ಪ ಹಿಂದಕ್ಕೆ ತಿರುಗಿಸಿದ್ರೆ ಮುಗೀತು, ಬಿಚ್ಚಿ ಹೊಸ ಟೇಪು ಸುತ್ತೋದೇ ದಾರಿ.

ಅಂಟಿಸೋ ಸಾಲ್ವೆಂಟ್ ಬರೀ ಗೋಂದಲ್ಲ, ಪ್ಲಾಸ್ಟಿಕ್ಕಿನ ಮೇಲ್ಮೈಯನ್ನೇ ಕರಗಿಸಿ ಎರಡನ್ನೂ ಒಂದು ಮಾಡುತ್ತೆ. ಸಿಪಿವಿಸಿಗೆ ಅದರದ್ದೇ ಸಾಲ್ವೆಂಟ್ ತನ್ನಿ. ಪೈಪು ನೇರವಾಗಿ ಕತ್ತರಿಸಿ, ಸಿಬಿರು ಕೆರೆದು, ಒರೆಸಿ, ಹಚ್ಚಿ, ಫಿಟ್ಟಿಂಗ್ ಒಳಗೆ ತಳ್ತಾ ಕಾಲು ಸುತ್ತು ತಿರುಗಿಸಿ ಅರ್ಧ ನಿಮಿಷ ಒತ್ತಿ ಹಿಡ್ಕೊಳ್ಳಿ, ಬಿಟ್ರೆ ಹಿಂದಕ್ಕೆ ಜಾರುತ್ತೆ. ನೀರು ಬಿಡೋಕೆ ಅವಸರ ಮಾಡ್ಬೇಡಿ, ಡಬ್ಬಿ ಮೇಲೆ ಎಷ್ಟು ಹೊತ್ತು ಅಂತ ಬರೆದಿರುತ್ತೋ ಅಷ್ಟು ಕಾಯಿರಿ.

ಮೊದಲು ಉತ್ತರ ಕೊಟ್ಟವರು: ಸಿಂಕ್ ವಿಷಯ ಮರ್ತೇಬಿಟ್ಟಿದ್ದೆ. ಕೆಳಗಡೆ ಎಲ್ಲಾ ಒಣಬಟ್ಟೇಲಿ ಒರೆಸಿ, ಒಂದೊಂದು ಜಾಯಿಂಟಿಗೂ ಟಿಶ್ಯೂ ಪೇಪರ್ ಸುತ್ತಿ ಬಿಡಿ. ನಲ್ಲಿ ಮುಚ್ಚಿದ್ರೂ ಒದ್ದೆ ಆದ್ರೆ ನೀರು ಬರೋ ಲೈನು, ಸಿಂಕಲ್ಲಿ ನೀರು ಬಿಟ್ಟಾಗ ಮಾತ್ರ ಒದ್ದೆ ಆದ್ರೆ ವೇಸ್ಟ್ ಪೈಪು. ಅಲ್ಲಿ ಬಾಗಿರೋ ಭಾಗ ಇದ್ಯಲ್ಲ, ಟ್ರ್ಯಾಪ್, ಅದನ್ನ ತೆಗೆದು ನೇರ ಪೈಪು ಹಾಕ್ಸೋಣ ಅಂತ ಯಾರಾದ್ರೂ ಹೇಳಿದ್ರೆ ಒಪ್ಕೋಬೇಡಿ, ಅದ್ರಲ್ಲಿ ನಿಂತ ನೀರೇ ಚರಂಡಿ ವಾಸನೆ ಮೇಲೆ ಬರದ ಹಾಗೆ ತಡೆಯೋದು. ಬಳಸದ ಬಾತ್‌ರೂಮು ನಾರೋದೂ ಆ ನೀರು ಆರಿಹೋಗಿ, ಒಂದು ಚೊಂಬು ನೀರು ಸುರಿದ್ರೆ ವಾಸನೆ ಹೋಗುತ್ತೆ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್! ಟಿಶ್ಯೂ ಸುತ್ತಿ ನೋಡ್ದೆ, ಗೋಡೆ ಹತ್ರ ಇರೋ ಚಿಕ್ಕ ವಾಲ್ವ್, ಆ್ಯಂಗಲ್ ವಾಲ್ವ್ ಅಂತಾರಲ್ಲ, ಅದಕ್ಕೆ ಬಳ್ಳಿ ಥರದ ಕನೆಕ್ಷನ್ ಪೈಪು ಸೇರೋ ನಟ್ಟಿನ ಹತ್ರ ಮಾತ್ರ ಒದ್ದೆ ಆಗಿದೆ, ನಲ್ಲಿ ಮುಚ್ಚಿದ್ರೂ. ಟೆಫ್ಲಾನ್ ಸುತ್ಲಾ?

ಮೊದಲು ಉತ್ತರ ಕೊಟ್ಟವರು: ಬೇಡ, ಅಲ್ಲಿ ನೀರು ತಡೆಯೋದು ಥ್ರೆಡ್ ಅಲ್ಲ, ನಟ್ಟಿನ ಒಳಗಿರೋ ರಬ್ಬರ್ ವಾಷರ್. ಆ್ಯಂಗಲ್ ವಾಲ್ವ್ ಮುಚ್ಚಿ, ನಟ್ ಬಿಚ್ಚಿ ನೋಡಿ, ವಾಷರ್ ಗಟ್ಟಿಯಾಗಿ ಚಪ್ಪಟೆ ಆಗಿದ್ರೆ ಬದಲಾಯಿಸಿ, ಮೊದಲು ಕೈಯಲ್ಲಿ ಬಿಗಿ ಮಾಡಿ ಆಮೇಲೆ ಸ್ಪ್ಯಾನರಲ್ಲಿ ಕಾಲು ಸುತ್ತು. ಮತ್ತೆ ಟಿಶ್ಯೂ ಸುತ್ತಿ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿ ಹೇಳಿ.